ಮೆಟ್ಟಿಲ ಮೇಲಿನ ಗುಪ್ತಸಂಖ್ಯೆ

"ನಾಲ್ಕು ಅಂಕಿಯ ಗುಪ್ತಸಂಖ್ಯೆ ಒತ್ತದೆ ನಮ್ಮ ಬ್ಯಾಂಕಿಂದ ಒಂದು ಬಿಡಿಗಾಸೂ ಹೊರಗೆ ಹೋಗಲ್ಲಮ್ಮ," ಎಂದು ಬ್ಯಾಂಕಿನ ಅಧಿಕಾರಿ ಫೈಲು ಮುಚ್ಚಿದ.

ಇದು ಏಳನೆಯ ಸಭೆ. ಅವನ ಎದುರು ಮೊಬೈಲ್ ಕಂಪನಿಯ ತರುಣಿ ಎಂಜಿನಿಯರ್. ಬಸ್ ಕಂಪನಿಯ ಪರವಾಗಿ ಸೀಟಿಯಕ್ಕ. ಹನ್ನೊಂದು ವರ್ಷ ಕಂಡಕ್ಟರಾಗಿ ಸೀಟಿ ಊದಿದವಳಿಗೆ ಆ ಹೆಸರೇ ಉಳಿದುಬಿಟ್ಟಿತ್ತು. ಬಸ್ಸು ಹತ್ತುವಾಗಲೇ ಮೊಬೈಲಿನಿಂದ ಟಿಕೆಟಿನ ಹಣ ಕೊಡುವ ವ್ಯವಸ್ಥೆಯನ್ನು ಮೂರೂ ಸಂಸ್ಥೆಗಳು ಕೂಡಿ ಕಟ್ಟಬೇಕಿತ್ತು. ಇವತ್ತು ಒಪ್ಪಂದವಾಗದಿದ್ದರೆ ತಿಂಗಳ ಕೊನೆಗೆ ಆಸ್ಪತ್ರೆ ದಾರಿಯ ಬಸ್ಸು ರದ್ದು. ಟಿಕೆಟಿನ ಹಣಕ್ಕಿಂತ ಚಿಲ್ಲರೆ ಸಾಗಿಸುವ ಖರ್ಚೇ ಹೆಚ್ಚೆಂದು ಕಂಪನಿಯ ಮೇಲಿನವರು ಕೈ ತೊಳೆದುಕೊಂಡಿದ್ದರು. ಆ ದಾರಿಯಲ್ಲಿ ಸೀಟಿಯಕ್ಕನಿಗೆ ಗೊತ್ತಿಲ್ಲದ ಮುಖವಿರಲಿಲ್ಲ. ಬಸ್ಸು ಹತ್ತುತ್ತಾ ಗುಪ್ತಸಂಖ್ಯೆ ಒತ್ತುವುದು ಅವರ ಕೈಲಾಗದು ಎಂಬುದೇ ಅವಳ ತಕರಾರು.

ಪರೀಕ್ಷೆಯಲ್ಲಿ ಎಲ್ಲರೂ ಆರೇ ಸೆಕೆಂಡಿನಲ್ಲಿ ಸಂಖ್ಯೆ ಒತ್ತಿ ಮುಗಿಸಿದ್ದರೆಂದು ಎಂಜಿನಿಯರ್ ಸಮಾಧಾನ ಹೇಳಿದಳು. ಎಲ್ಲಿ ನಡೆದ ಪರೀಕ್ಷೆ ಎಂದು ಸೀಟಿಯಕ್ಕ ಕೇಳಿದಳು. ಇದೇ ಕೋಣೆಯಲ್ಲಿ, ಇದೇ ಕುರ್ಚಿಗಳಲ್ಲಿ.

"ಫೈಲು ತಗೊಳ್ಳಿ ಸಾರ್," ಎಂದು ಅವಳು ಎದ್ದಳು. "ಬಸ್ಸಲ್ಲೇ ಮಾತಾಡೋಣ."

ಅಧಿಕಾರಿ ತನಗೆ ಕಾರಿದೆ ಎಂದ. ಅದಕ್ಕೇ ಈ ಪಾಡು ಎಂದಳು ಸೀಟಿಯಕ್ಕ, ನಗದೆ.

ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಲು ಬಿಡುವ ಹೊತ್ತು. ಬಸ್ಸಿನ ಮೆಟ್ಟಿಲವರೆಗೂ ಜನ. ಮೊಬೈಲಿನಿಂದ ಹಣ ಪಡೆಯುವ ಪ್ರಯೋಗದ ಯಂತ್ರವನ್ನು ಬಾಗಿಲ ಕಂಬಕ್ಕೆ ಅವಳೇ ಬಿಗಿದಳು. ಅಧಿಕಾರಿಯ ಕಂಕುಳಲ್ಲಿ ಫೈಲು, ಒಂದು ಕೈಯಲ್ಲಿ ಸರಳು, ಇನ್ನೊಂದರಲ್ಲಿ ಮೊಬೈಲು. ಎರಡು ಅಂಕಿ ಒತ್ತಿದ. ಬಸ್ಸು ಕುಲುಕಿತು. ಮೂರನೆಯದು ತಪ್ಪಿತು.

"ಏನ್ ಸಾಹೇಬ್ರೆ, ಹೆಂಡ್ತಿಗೆ ಕಾಗದ ಬರೀತಿದ್ದೀರಾ?" ಎಂದಳು ಹಿಂದಿದ್ದ ಅಜ್ಜಿ. "ಒಳಗೆ ನಡೀರಿ. ನನ್ನ ಮಂಡಿಗೆ ನಿಮ್ಮಷ್ಟು ಪುರುಸೊತ್ತಿಲ್ಲ."

ಅವನ ಕಿವಿ ಕೆಂಪಾಯಿತು. ಮೂರನೆಯ ಸಲವೂ ತಪ್ಪಿದಾಗ, ಬ್ಯಾಂಕಿನದೇ ನಿಯಮದಂತೆ, ಅವನ ಖಾತೆಗೇ ಬೀಗ ಬಿತ್ತು. ಎಂಜಿನಿಯರ್ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು.

ಮೊಬೈಲನ್ನು ಜೇಬಿಗಿಳಿಸಿ ಅವನು ಕೇಳಿದ: "ಸಂಖ್ಯೆ ಬೇಡ ಅಂದ್ರೆ, ಮೊಬೈಲ್ ಕಳೆದುಹೋದಾಗ?"

ಸುದ್ದಿ ಬಂದ ಗಳಿಗೆಯೇ ಹಣ ಹೋಗುವುದನ್ನು ನಿಲ್ಲಿಸುವ ಕೆಲಸ ತಮ್ಮದೆಂದಳು ಎಂಜಿನಿಯರ್.

"ದಿನಕ್ಕೆ ನಾಲ್ಕು ಟಿಕೆಟ್ ಅಂತ ಮಿತಿ ಹಾಕಿ," ಎಂದಳು ಸೀಟಿಯಕ್ಕ. "ಅಷ್ಟರೊಳಗೆ ಹೋದ ಹಣಕ್ಕೆ ನಮ್ಮ ಕಂಪನಿ ಹೊಣೆ."

"ಬರೆದುಕೊಡ್ತೀರಾ?"

ಮೇಲಿನವರನ್ನು ಅವಳು ಕೇಳಿರಲಿಲ್ಲ. "ಪೆನ್ನು ಕೊಡಿ," ಎಂದಳು.

ಅವನು ಒಪ್ಪಂದದ ಹಾಳೆಯನ್ನು ಕಿಟಕಿಯ ಗಾಜಿಗೆ ಒತ್ತಿ ಗುಪ್ತಸಂಖ್ಯೆಯ ಸಾಲನ್ನು ಹೊಡೆದುಹಾಕಿದ, ಗೆರೆ ಸೊಟ್ಟಗಾಯಿತು. ಪೆನ್ನು ಅವಳ ಕೈಗೆ ಬಂತು. ಬಸ್ಸು ತಿರುವಿನಲ್ಲಿ ವಾಲಿ ಎಲ್ಲರೂ ಸರಳಿಗೆ ಜೋತುಬಿದ್ದರು. ಸೀಟಿಯಕ್ಕ ಏನನ್ನೂ ಹಿಡಿಯದೆ, ಕಾಲಗಲಿಸಿ ನಿಂತು, ನಿಧಾನವಾಗಿ ಬರೆಯುತ್ತಿದ್ದಳು.