ಮ್ಯಾಚ್ ಮುಗಿದ ಮೇಲಿನ ಒಂದು ತಾಸು

ಕತಾರಿನ ರಾಸ್ ಲಫ್ಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ಕಲ್ಮೇಶನದು ಸುರಕ್ಷತೆಯ ಕೆಲಸ. ಅಲ್ಲಿ ಒಂದು ಬೋಲ್ಟು ಸಡಿಲವಾದರೂ ಯಾಕೆ ಎಂದು ಕೇಳಬೇಕು, ಬಂದ ಉತ್ತರಕ್ಕೂ ಮತ್ತೆ ಯಾಕೆ ಎನ್ನಬೇಕು, ಬುಡ ಸಿಗುವವರೆಗೂ ಬಿಡಬಾರದು. ಮಗಳು ಮೋಕ್ಷಾ ಶಾಲೆಯ ಥ್ರೋಬಾಲ್ ತಂಡ ಸೇರಿದ ಮೇಲೆ, ಮ್ಯಾಚ್ ಮುಗಿಸಿ ದೋಹಾದಿಂದ ಅಲ್ ಖೋರ್‌ನ ಮನೆಗೆ ಮರಳುವ ಕಾರಿನಲ್ಲೂ ಅದೇ ಶುರುವಾಯಿತು.

"ಸರ್ವ್ ನೆಟ್ಟಿಗೆ ಯಾಕ ಬಡೀತು?"

"ಕೈ ಸ್ಲಿಪ್ ಆಯ್ತು ಅಪ್ಪಾ."

"ಯಾಕ ಸ್ಲಿಪ್ ಆತು?"

"ಬೆವರು."

"ಒರಸ್ಕೊಳ್ಳಾಕ ಟವೆಲ್ ಯಾಕ ಇಟ್ಕೊಂಡಿರಲಿಲ್ಲ?"

ಊರು ಮುಟ್ಟುವಷ್ಟರಲ್ಲಿ ಹುಡುಗಿ ಕಿಟಕಿಗೆ ಹಣೆ ಒತ್ತಿ, ನಿದ್ದೆ ಬಂದವಳಂತೆ ಕಣ್ಣು ಮುಚ್ಚಿರುತ್ತಿದ್ದಳು. ತಾನು ನೆರವಾಗುತ್ತಿದ್ದೇನೆ ಎಂದೇ ಕಲ್ಮೇಶ ನಂಬಿದ್ದ.

ಶನಿವಾರದ ಸೆಮಿಫೈನಲ್ ನೋಡಲು ಪೋಷಕರನ್ನು ಬಿಡುವುದಿಲ್ಲ ಎಂದು ಮೋಕ್ಷಾ ಹೇಳಿದಾಗ ಅವನಿಗೆ ಬೇಸರವಾಯಿತು, ಆದರೂ ಒಪ್ಪಿಕೊಂಡ. ಮರುದಿನ ಕಂಪನಿ ಬಸ್ಸಿನಲ್ಲಿ ಗೋಪಿನಾಥ್ ಪಕ್ಕದಲ್ಲಿ ಕೂತ. ಅವನ ಮಗಳೂ ಅದೇ ತಂಡದವಳು.

"ಶನಿವಾರ ಬರ್ತೀರಲ್ಲ ಮಾರಾಯ್ರೆ? ಎದುರಿನ ಸಾಲಲ್ಲೇ ಕೂತುಕೊಳ್ಳುವ."

ಕಲ್ಮೇಶನ ಮುಖ ಸಪ್ಪಗಾಯಿತು. ಗೋಪಿನಾಥ್ ಒಂದು ಕ್ಷಣ ನೋಡಿ, "ನಿಮಗೆ ಡ್ಯೂಟಿ ಇರಬಹುದು, ಅಲ್ವಾ?" ಎಂದು ತಾನೇ ಒಂದು ಕಾರಣ ಒದಗಿಸಿ ಕಿಟಕಿಯತ್ತ ತಿರುಗಿದ.

ಸಂಜೆ ಅಡುಗೆಮನೆಯಲ್ಲಿ ಕಲ್ಮೇಶ ಹೆಂಡತಿಗೆ ಹೇಳಿದ. "ಸುಳ್ಳು ಹೇಳ್ಯಾಳ ನನಗ."

ನೇತ್ರಾ ಹಂಚಿನ ಮೇಲಿನ ರೊಟ್ಟಿ ತಿರುವಿದಳು. "ನೀವು ಬರೋದಕ್ಕ ಅಂಜಿಲ್ಲರಿ ಅಕಿ. ಮ್ಯಾಚ್ ಮುಗಿದ ಮ್ಯಾಲಿನ ಒಂದು ತಾಸಿಗೆ ಅಂಜ್ಯಾಳ. ಅಲ್ಲಿ ಸೋತು ಬಂದಾಕಿ ಕಾರಿನ್ಯಾಗ ಮತ್ತ ಸೋಲಬೇಕೇನು?"

ಬೈಯಲೆಂದು ಹೊರಟವನು ಮಗಳ ಕೋಣೆಯ ಬಾಗಿಲಲ್ಲೇ ನಿಂತ. "ಶನಿವಾರ ನಮ್ಮನ್ನ ಒಳಗ ಬಿಡ್ತಾರಂತ. ಗೋಪಿನಾಥ್ ಅಂದ್ರು."

ಮೋಕ್ಷಾ ತಲೆ ತಗ್ಗಿಸಿದಳು. "ಸಾರಿ ಅಪ್ಪಾ."

"ಬರ್ಲೋ ಬ್ಯಾಡೋ, ನೀನೇ ಹೇಳು. ಬಂದ್ರ, ನೀನಾಗೇ ಮಾತಾಡೂತನಕ ನಾ ಆಟದ ಸುದ್ದಿ ತಗಿಯಂಗಿಲ್ಲ."

"ಸೋತ್ರೂ?"

"ಸೋತ್ರೂ."

ಅವಳು ಅಪ್ಪನನ್ನು ಅಳೆಯುವಂತೆ ನೋಡಿದಳು. "ಬಾ. ಬಟ್ ಸುಮ್ನೆ ಕ್ಲಾಪ್ ಮಾಡು. ಕೋಚಿಂಗ್‌ಗೆ ಫ್ಲೇವಿಯಾ ಮ್ಯಾಮ್ ಇದಾರೆ."

ಶನಿವಾರ ತಂಡ ಸೋತಿತು. ಕೊನೆಯ ಚೆಂಡು ಜಾರಿದ್ದು ಮೋಕ್ಷಾಳ ಕೈಯಿಂದಲೇ. ನೇತ್ರಾಳ ಪಕ್ಕದಲ್ಲಿ ಕೂತಿದ್ದ ಕಲ್ಮೇಶ ಎದ್ದು ನಿಂತು ಎರಡೂ ತಂಡಗಳಿಗೆ ಚಪ್ಪಾಳೆ ತಟ್ಟಿದ.

ಮರಳುವ ದಾರಿಯಲ್ಲಿ 'ಯಾಕ' ಎಂಬುದು ನಾಲಿಗೆಯ ತುದಿಗೆ ಬಂದು ಬಂದು ಹೋಗುತ್ತಿತ್ತು. ಸ್ಟೀರಿಂಗ್ ಬಿಗಿಯಾಗಿ ಹಿಡಿದುಕೊಂಡ. ಕಡೆಗೆ ಕೇಳಿದ್ದು ಇಷ್ಟೇ: "ಹಸಿವಾಗೇತೇನವ್ವಾ?"

"ಕರಕ್ ಚಾ. ಮತ್ತೆ ಪರಾಟ."

ಅಂಗಡಿಯ ಮುಂದೆ ಹಾರ್ನ್ ಹೊಡೆದದ್ದಕ್ಕೆ ಎರಡೂ ಕಾರಿಗೇ ಬಂದವು. ಅರ್ಧ ಲೋಟ ಮುಗಿಸಿ ಮೋಕ್ಷಾ, "ಲಾಸ್ಟ್ ಬಾಲ್ ನಂದೇ ಇತ್ತು ಅಪ್ಪಾ," ಎಂದಳು.

"ಹೂಂ. ಕಂಡೆ."

ಅವಳು ಕಾದಳು. ಅವನು ಏನೂ ಕೇಳಲಿಲ್ಲ. ಆಗ ಅವಳಿಗೆ ಅಳು ಬಂತು. ಮುಂದಿನ ಸೀಟಿನಲ್ಲಿದ್ದ ನೇತ್ರಾ ಹಿಂದಕ್ಕೆ ಕೈ ಚಾಚಿ ಅವಳ ಮೊಣಕಾಲು ಸವರಿದಳು. ಕಲ್ಮೇಶ ತನ್ನ ಪರಾಟದಲ್ಲಿ ಉಳಿದದ್ದನ್ನು ಸುಮ್ಮನೆ ಅವಳತ್ತ ದಾಟಿಸಿದ. ಮೂಗು ಒರಸಿಕೊಂಡು ಅದನ್ನೂ ತಿಂದಳು.

"ಥರ್ಸ್‌ಡೇ ಥರ್ಡ್ ಪ್ಲೇಸ್ ಮ್ಯಾಚ್ ಇದೆ," ಎಂದಳು ಬಾಯಿ ತುಂಬ ತುತ್ತಿಟ್ಟುಕೊಂಡೇ. "ಡ್ಯೂಟಿ ಇದ್ರೆ ಚೇಂಜ್ ಮಾಡ್ಕೋ ಅಪ್ಪಾ."