ಮೈಲಾರೇಶನದು ಸೋಗಲ್ಲ

ಹಂಪಸಾಗರದ ಕುರಿಗಾರ ದೊಡ್ಡಬೀರಪ್ಪನ ಮಗ ಮೈಲಾರೇಶ ಊಟ ಬಿಟ್ಟಿದ್ದ, ನಿದ್ದೆ ಬಿಟ್ಟಿದ್ದ. ಗೋಡೆಗೆ ಮುಖ ಮಾಡಿ ಕೂತು ಒಬ್ಬನೇ ಮಾತಾಡುತ್ತಿದ್ದ. ಯಾರೋ ಕಿವಿಯಲ್ಲಿ ಬೈಯುತ್ತಾರೆ ಅನ್ನುತ್ತಿದ್ದ. ಪ್ರಾಯದ ಹುಡುಗ, ಅವನು ಡೊಳ್ಳು ಹೊಡೆದರೆ ಓಣಿಯೇ ಸೇರುತ್ತಿತ್ತು. ಈಗ ತಾಯಿ ಮೈಲಮ್ಮ ತಟ್ಟೆ ಹಿಡಿದು ಪಕ್ಕ ಕೂತರೂ ತಿರುಗಿ ನೋಡುತ್ತಿರಲಿಲ್ಲ.

ದೊಡ್ಡಬೀರಪ್ಪ ಮೊದಲು ದೇವರ ಕಾಟ ಎಂದುಕೊಂಡ. ಮಗನ ಹಣೆಗೆ ಅರಿಶಿನದ ಭಂಡಾರ ಹಚ್ಚಿ ಹರಕೆ ಹೊತ್ತ. ಆಮೇಲೆ ಮೈಗಳ್ಳತನ ಎಂದುಕೊಂಡ. "ಕುರಿ ಹಿಂದ ಅಡ್ಡಾಡಿದ್ರ ತಲಿ ನೆಟ್ಟಗಾಕ್ಕತಿ" ಎಂದು ಕಂಬಳಿ ಹೊದಿಸಿ ಒಬ್ಬನನ್ನೇ ಅಡವಿಗೆ ಅಟ್ಟಿದ. ಕುರಿಗಾರರ ಮನೆಯಲ್ಲಿ ಎಲ್ಲದಕ್ಕೂ ಅದೇ ಔಷಧ! ಮೈಲಾರೇಶ ಮರದಡಿ ಕಿವಿ ಮುಚ್ಚಿಕೊಂಡು ಕೂತ. ತೋಳ ಬಂದು ಮರಿ ಒಯ್ದಿತು. ಆ ಸಂಜೆ ದೊಡ್ಡಬೀರಪ್ಪ ಕುರಿ ಕಾಯುವ ಬಡಿಗೆಯಿಂದಲೇ ಮಗನಿಗೆ ಹೊಡೆದ. ಅಡ್ಡ ಬಂದ ಮೈಲಮ್ಮನಿಗೂ ಏಟು ಬಿತ್ತು.

ಮರುದಿನ ಮೈಲಮ್ಮ ಓಣಿಯ ಆಶಾ ಕಾರ್ಯಕರ್ತೆ ಶೈಲಾಳನ್ನು ಕರೆಸಿದಳು.

"ಮಾವ, ಇವನಿಗೆ ಮನಸ್ಸಿನ ರೋಗ ಇರಬೇಕು. ದವಾಖಾನಿಗೆ ಕರ್ಕೊಂಡು ಹೋಗೋಣ ಬರ್ರಿ" ಎಂದಳು ಶೈಲಾ.

"ಎಂಥ ರೋಗವ್ವಾ? ಜ್ವರ ಇಲ್ಲ, ಗಾಯ ಇಲ್ಲ, ಬಾವು ಇಲ್ಲ. ಎಲ್ಲೈತಿ ತೋರ್ಸು ನೋಡೋಣ. ಸೋಗು ಹಾಕ್ಯಾನ."

"ಕೆಲವು ಕುರಿ ತಲಿ ಒಂದು ಕಡಿ ವಾಲಿಸ್ಕೊಂಡು ನಿಂತಲ್ಲೇ ಗಿರಗಿರ ತಿರುಗ್ತಾವಲ್ಲ, ಅವೂ ಸೋಗು ಹಾಕ್ತಾವೇನು?"

ದೊಡ್ಡಬೀರಪ್ಪನಿಗೆ ನಗು ಬಂತು. ಕುರಿ ವಿಚಾರದಲ್ಲಿ ಅವನಿಗೇ ಪಾಠವೇ? "ಅದಕ್ಕ ಮೆದುಳಿನ್ಯಾಗ ರೋಗ ಇರ್ತತವ್ವಾ. ಕುರಿಗೇನು ಗೊತ್ತು ಸೋಗು!"

"ಹೊರಗ ಗಾಯ ಕಾಣ್ತತೇನು?"

"ಇಲ್ಲ."

"ಬಡಿಗಿ ತಗೊಂಡು ಹೊಡೆದ್ರ ನೆಟ್ಟಗ ನಡೀತತೇನು?"

ದೊಡ್ಡಬೀರಪ್ಪ ಮಗನ ಕಡೆ ತಿರುಗಿದ. ಮಗನ ಬೆನ್ನ ಮೇಲಿನ ಬಾಸುಂಡೆ ಕಣ್ಣಿಗೆ ಬಿತ್ತು.

ಶೈಲಾ ದನಿ ತಗ್ಗಿಸಿದಳು. "ಕುರಿ ರೋಗ ಬ್ಯಾರೆ, ಇದು ಬ್ಯಾರೆ. ಆದ್ರ ಇದೂ ರೋಗಾನ ಮಾವ. ಅವನ ತಪ್ಪಲ್ಲ, ದೇವ್ರ ಸಿಟ್ಟೂ ಅಲ್ಲ. ದೇವ್ರಿಗೆ ಕೈ ಮುಗೀರಿ, ಬ್ಯಾಡ ಅನ್ನಂಗಿಲ್ಲ. ಜೊತಿಗೆ ಮಾತ್ರಿನೂ ಕೊಡ್ರಿ."

ದೊಡ್ಡಬೀರಪ್ಪ ಒಪ್ಪಿ ಮಗನನ್ನು ಕರೆದೊಯ್ದ. ತಾಲ್ಲೂಕು ಆಸ್ಪತ್ರೆಯಲ್ಲಿ ಡಾಕ್ಟರು ಮೈಲಾರೇಶನ ಜೊತೆ ಬಹಳ ಹೊತ್ತು ಮಾತಾಡಿ ಮಾತ್ರೆ ಕೊಟ್ಟರು. ಗುಣವಾಯಿತೆಂದು ತಾವಾಗಿಯೇ ನಡುವೆ ಬಿಡಬಾರದು ಎಂದರು. ಕೆಲವು ವಾರಗಳಲ್ಲಿ ಹುಡುಗ ನಿದ್ದೆ ಮಾಡತೊಡಗಿದ, ರೊಟ್ಟಿ ಕೇಳಿ ತಿನ್ನತೊಡಗಿದ. ಕಿವಿಯ ಬೈಗುಳ ಕಡಿಮೆಯಾಯಿತು.

ಒಂದು ಬೆಳಿಗ್ಗೆ ಮಗನ ಹೆಗಲಿಂದ ಕಂಬಳಿ ಜಾರಿತ್ತು. ಸರಿ ಮಾಡೋಣವೆಂದು ದೊಡ್ಡಬೀರಪ್ಪ ಕೈ ಎತ್ತಿದ. ಮೈಲಾರೇಶ ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಮುದುಡಿದ.

"ಹೊಡಿಬ್ಯಾಡಪ್ಪಾ... ಇನ್ನೊಮ್ಮಿ ಮರಿ ಬಿಟ್ಟು ಕೂಡಂಗಿಲ್ಲ..."

ದೊಡ್ಡಬೀರಪ್ಪ ಕುರಿಹಟ್ಟಿಗೆ ಹೋಗಿ ಒಬ್ಬನೇ ಅತ್ತ. ರೋಗಕ್ಕೆ ಮಾತ್ರೆ ಸಿಕ್ಕಿತ್ತು. ತಾನು ಹುಟ್ಟಿಸಿದ ಈ ಭಯಕ್ಕೆ ಯಾವ ಡಾಕ್ಟರನ್ನು ಕೇಳಬೇಕೋ ಅವನಿಗೆ ತಿಳಿಯಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಮೂಲೆ ಹಿಡಿದಿದ್ದಾರೆಯೇ? ಬೈಯಬೇಡಿ, ಹೊಡೆಯಬೇಡಿ, ಒಬ್ಬರನ್ನೇ ಬಿಡಬೇಡಿ. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ, ಇಲ್ಲವೇ ಮನಸ್ಸಿನ ಆರೋಗ್ಯದ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಅದು ಉಚಿತ, ಕನ್ನಡದಲ್ಲೇ ಮಾತಾಡಬಹುದು. ದೊಡ್ಡಬೀರಪ್ಪನಷ್ಟು ತಡ ಮಾಡಬೇಡಿ.