ಆಮೇಲೆ ಬಂದವರು

ಚಳಿ ಇಳಿದು ಬಿಸಿಲು ಹಿತವಾಗುವ ಕಾಲ. ಬೆಟ್ಟದ ಕೆರೆಯ ಕಾವಲುಗಾರ ದಾರಿಯ ತರಗೆಲೆ ಗುಡಿಸಿ, ಬಂದವರಿಗೆಲ್ಲ ಐದು ಫೋಟೋ ತೋರಿಸುತ್ತಿದ್ದ. ದಂಡೆ ಒಂದೇ, ಒಂದಕ್ಕಿಂತ ಒಂದರಲ್ಲಿ ಜನ ಹೆಚ್ಚು. ಎಷ್ಟು ಜನರಾದರೆ ನೆಮ್ಮದಿ ಕೆಡುತ್ತದೆಂದು ಕೇಳಿ, ಹೆಚ್ಚಿನವರು ಹೇಳಿದಷ್ಟು ಜನ ಒಳಹೋದೊಡನೆ ಗೇಟು ಮುಚ್ಚಬೇಕೆಂದು ಅರಣ್ಯ ಕಚೇರಿಯ ಆಜ್ಞೆ.

ಹನ್ನೊಂದು ಜನರ ಸಂಸಾರದೊಂದಿಗೆ ಬಂದ ಬಟ್ಟೆ ಅಂಗಡಿಯ ಸಾಹುಕಾರ ಐದನೆಯದನ್ನು ಕಂಡು ಮೂಗು ಮುರಿದ. "ಥೂ, ಕುರಿಮಂದೆ! ನಲವತ್ತಕ್ಕೇ ನಿಲ್ಸಪ್ಪ."

"ಸ್ವಾಮಿ, ಇದು ಹೋದ ಭಾನುವಾರದ್ದು. ನಡುವೆ ಕೆಂಪು ಟೋಪಿಯವರು ನೀವೇ ಅಲ್ವಾ?"

ಹೆಂಡತಿ ಕಿಸಕ್ಕನೆ ನಕ್ಕಳು.

"ನಾವು ಮೊದ್ಲು ಬಂದಿದ್ವಿ ಕಣಯ್ಯ. ಗದ್ದಲ ಮಾಡಿದ್ದು ಆಮೇಲೆ ಬಂದೋರು," ಎಂದ ಸಾಹುಕಾರ. ಕಾವಲುಗಾರ ನಲವತ್ತೆಂದು ಬರೆದುಕೊಂಡ. ಬಂದವರೆಲ್ಲ ನಲವತ್ತೇ ಸಾಕು, ಗದ್ದಲ ಆಮೇಲೆ ಬಂದವರದು ಎಂದೇ ಹೇಳಿದ್ದರು.

ತಿಂಗಳ ನಂತರ ಸಾಹುಕಾರ ಹೊಸ ಬೀಗರನ್ನು ಕರೆತಂದ. "ಇಲ್ಲಿ ನಲವತ್ತೇ ಜನ. ನಾನೇ ಮಾಡಿಸಿದ್ದು," ಎಂದು ದಾರಿಯುದ್ದಕ್ಕೂ ಕೊಚ್ಚಿಕೊಂಡಿದ್ದ. ಗೇಟು ಮುಚ್ಚಿತ್ತು.

"ನಲವತ್ತು ಆಗ್ಲೇ ತುಂಬಿತು ಸ್ವಾಮಿ."

"ಬೀಗರ ಮುಂದೆ ನನ್ನನ್ನೇ ಹೊರಗೆ ನಿಲ್ಲಿಸ್ತೀಯೇನೋ?"

"ನೀವು ಕೇಳಿದ ನೆಮ್ಮದಿ ಒಳಗಿದೆ. ಇವತ್ತು ನೀವೇ ಆಮೇಲೆ ಬಂದೋರು."

ಬೀಗಿತ್ತಿ ಬುತ್ತಿಯನ್ನು ಗೇಟಿನೆದುರಿನ ಕಲ್ಲಿನ ಮೇಲೇ ಬಿಚ್ಚಿದಳು. ಅಷ್ಟರಲ್ಲಿ ಹಿಂದೆ ಇನ್ನೊಂದು ಸಂಸಾರ ಬಂದು ನಿಂತಿತು. ಸಾಹುಕಾರ ತಿರುಗಿ ನೋಡಿದ.

"ಥೂ, ಎಲ್ಲಿ ಹೋದ್ರೂ ಜನ!"